ಹುಣ್ಣಿಮೆಗೆ ನಾಲ್ಕು ತಟ್ಟೆ

ಪ್ಲಂಬರ್ ಕೊಳವೆಯೊಳಗಿಂದ ತಂತಿ ಎಳೆದಾಗ ಅದರ ತುದಿಗೆ ಸಿಕ್ಕಿಕೊಂಡು ಬಂದದ್ದು ಒಂದು ದಪ್ಪ ಕೂದಲಿನ ಉಂಡೆ. ಬೂದು ಬಣ್ಣ, ಒರಟು, ನೆನೆದ ಕಂಬಳಿಯ ವಾಸನೆ. ಅವನು ಅದನ್ನು ಮೆಟ್ಟಿಲ ಬುಡದಲ್ಲಿ ಹಳೇ ಪೇಪರಿನ ಮೇಲಿಟ್ಟು ಹಿಂದೆ ಸರಿದು ನಿಂತ. ಮನೆಯ ಓನರಮ್ಮ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೇಲಿನ ಮಹಡಿಯತ್ತ ಕತ್ತೆತ್ತಿ ಕೂಗಿದರು.

"ಸಲೂನಿನವರೇ! ಸ್ವಲ್ಪ ಕೆಳಗೆ ಬನ್ನಿ!"

ಮೇಲಿನ ಮನೆಯ ಬಾಡಿಗೆದಾರ ಬಾಯಲ್ಲಿದ್ದ ಬ್ರೆಡ್ಡು ನುಂಗುತ್ತಲೇ ಇಳಿದು ಬಂದ. ಮೂರನೇ ಬೀದಿಯಲ್ಲಿ ಅವನದೊಂದು ಸಲೂನು. ಉಂಡೆ ಕಂಡ ಕೂಡಲೇ ಅದು ಯಾರದ್ದೆಂದು ಅವನಿಗೆ ಗೊತ್ತಾಯಿತು. ಕೂದಲು ನೋಡಿ ತಲೆ ಹೇಳುವುದು ಅವನ ಕಸುಬು. ಅದರ ಮೇಲೆ ಇದು ಸ್ವಂತ ಮಗಳದ್ದು.

"ಅಂಗಡಿ ಕಸ ತಂದು ನನ್ನ ಮೋರಿಗೆ ಸುರೀತೀರೇನ್ರೀ?" ಓನರಮ್ಮ ಕೇಳಿದರು.

ಒಬ್ಬೊಬ್ಬ ಗಿರಾಕಿ ಕುರ್ಚಿ ಬಿಟ್ಟೆದ್ದಾಗಲೂ ನೆಲ ಗುಡಿಸುವ ಮನುಷ್ಯ ಅವನು. ಕಳ್ಳ ಅಂದಿದ್ದರೂ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ನಿಜ ಹೇಳುವ ಹಾಗಿಲ್ಲವಲ್ಲ. ಕಿವಿಯವರೆಗೂ ಕೆಂಪಾಗಿ, "ತಪ್ಪಾಯ್ತಮ್ಮ, ಇನ್ನು ಹೀಗಾಗಲ್ಲ" ಅಂದು ಉಂಡೆಯನ್ನು ಪೇಪರಿನ ಸಮೇತ ಎತ್ತಿಕೊಂಡು ಮೇಲೆ ಹೋದ.

ಅಡುಗೆಮನೆಯಲ್ಲಿ ಹೆಂಡತಿ ಡಬ್ಬಿ ಕಟ್ಟಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳಿಗೆ ಕೆಲಸ.

"ಏನಂತೆ?"

"ಕೂದಲು."

"ಅವಳದ್ದಾ?"

"ಮತ್ತೆ ನಂದಾ?" ಅಂದ. ಅವನ ತಲೆ ಬೋಳಾಗಿ ಎಷ್ಟೋ ಕಾಲವಾಗಿತ್ತು.

ವಿಷಯ ಇಷ್ಟು. ಆ ಮನೆಯ ಮಗಳಿಗೆ ಈಗ ಹದಿನಾರು. ಹುಟ್ಟಿದಾಗಿನಿಂದ ಮರಿ ಎಂದೇ ಕರೆಯುತ್ತಾರೆ. ಹೋದ ವರ್ಷದಿಂದ ಪ್ರತಿ ಹುಣ್ಣಿಮೆಗೆ ಅವಳು ತೋಳವಾಗುತ್ತಾಳೆ. ಇಂಥದ್ದೆಲ್ಲ ಸರಿರಾತ್ರಿಯಲ್ಲಿ, ಗಾಳಿ ಬೀಸುವಾಗ, ಕಾಡಿನಲ್ಲಿ ನಡೆಯುತ್ತದೆಂದು ಜನ ಅಂದುಕೊಂಡಿದ್ದಾರೆ. ಹುಣ್ಣಿಮೆಯ ಚಂದ್ರನಿಗೆ ಅಷ್ಟೆಲ್ಲ ತಾಳ್ಮೆ ಇಲ್ಲ. ಅತ್ತ ಸೂರ್ಯ ಮುಳುಗುತ್ತಿದ್ದಂತೆ ಇತ್ತ ಎದ್ದುಬಿಡುತ್ತಾನೆ. ಆಫೀಸಿನಿಂದ ಜನ ಮನೆಗೆ ಬರುವ, ಕೆಳಗಿನ ಮನೆಯಲ್ಲಿ ಟಿವಿ ಹಾಕುವ, ಅಡುಗೆಯಾಗಿ ತಟ್ಟೆ ಇಡುವ ಹೊತ್ತು ಅದು. ಹಾಗಾಗಿ ಆ ಸಂಜೆ ಮರಿಯನ್ನು ಬಚ್ಚಲಿಗೆ ಹಾಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಳಗೆ ಒಂದು ಬೋಗುಣಿ ಮಾಂಸ, ಒಂದು ಬಕೆಟ್ ನೀರು. ತೋಳವಾದರೂ ಬುದ್ಧಿಯೆಲ್ಲ ಅವಳದೇ. ಮಾತೆಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲು ಮಾತ್ರ ಬರುವುದಿಲ್ಲ. ಈವರೆಗೆ ಅವಳು ಮಾಡಿದ ದೊಡ್ಡ ಹಾನಿಯೆಂದರೆ ಅಪ್ಪನ ಒಂದು ಚಪ್ಪಲಿ, ಅದೂ ಸಿಟ್ಟಿಗೆ.

ಇದು ಬಂದದ್ದು ಅಜ್ಜಿಯ ಕಡೆಯಿಂದ, ಅಂದರೆ ಅಪ್ಪನ ತಾಯಿಯಿಂದ. ಅವರದ್ದು ವಯಸ್ಸಾದ ಮೇಲೆ ತಾನಾಗಿ ನಿಂತುಹೋಗಿತ್ತು. ಮಗನನ್ನು ಬಿಟ್ಟು ಮೊಮ್ಮಗಳಲ್ಲಿ ಎದ್ದಿತು. ಸೊಸೆಗೆ ಈ ವಿಷಯ ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ. ಆಮೇಲೂ ಆ ಮನೆಯಲ್ಲಿ ಯಾರೂ ಅದರ ಹೆಸರೆತ್ತುತ್ತಿರಲಿಲ್ಲ. 'ಆ ದಿನ' ಅನ್ನುತ್ತಿದ್ದರು, ಅಷ್ಟೆ.

ಮುಂದಿನ ಆ ದಿನ ಬಂದಾಗ ಅಪ್ಪ ಅಂಗಡಿಯಿಂದ ಮೆಷಿನ್ನು, ಕತ್ತರಿ, ಬಾಚಣಿಗೆ ತಂದು ಬಚ್ಚಲಿಗೆ ಹೋದ. ಒದ್ದೆ ನೆಲದ ಮೇಲೆ ಪೇಪರು ಹಾಸಿದ.

"ಸ್ವಲ್ಪ ತೆಳ್ಳಗೆ ಮಾಡ್ತೀನಿ ಮರಿ. ಮೋರಿಗೆ ಉದುರ್ಬಾರ್ದು ನೋಡು," ಅಂದ.

ತೋಳ ಅವನ ಮೊಣಕಾಲಿಗೆ ಕತ್ತು ಆನಿಸಿ ಕಣ್ಣು ಮುಚ್ಚಿಕೊಂಡಿತು. ಹುಟ್ಟುಗೂದಲಿನಿಂದ ಹಿಡಿದು ಆ ತಲೆಗೆ ಬೇರೆ ಯಾರ ಕತ್ತರಿಯೂ ತಾಗಿರಲಿಲ್ಲ. ಮೊದಲು ಬೆನ್ನು, ಆಮೇಲೆ ಪಕ್ಕೆ. ಕೈ ಒಮ್ಮೆ ಹದಕ್ಕೆ ಬಂದರೆ ಕಸುಬುದಾರನಿಗೆ ಎಲ್ಲಿ ನಿಲ್ಲಿಸಬೇಕೆಂದು ತೋಚುವುದಿಲ್ಲ. ಕುತ್ತಿಗೆ ಮಾಡಿದ, ಕಿವಿಯ ಸುತ್ತ ಮಾಡಿದ, ಕೊನೆಗೆ ಕಣ್ಣಿನ ಮೇಲಿದ್ದ ನಾಲ್ಕು ಉದ್ದ ಕೂದಲೂ ಸರಿಕಾಣದೆ ಅವನ್ನೂ ತೆಗೆದ. ಎದ್ದು ನಿಂತು ನೋಡಿದರೆ ಜೀವಮಾನದಲ್ಲಿ ಅಷ್ಟು ನುಣುಪಾದ ಕೆಲಸ ಮಾಡಿರಲಿಲ್ಲ. ಪೇಪರು ಮಡಚಿ, ಒಂದೇ ಒಂದು ಎಳೆಯೂ ಮೋರಿಗೆ ಹೋಗಲಿಲ್ಲವೆಂದು ಹೆಂಡತಿಯ ಹತ್ತಿರ ಜಂಬ ಕೊಚ್ಚಿಕೊಂಡು ಮಲಗಿದ.

ಬೆಳಿಗ್ಗೆ ಬಚ್ಚಲ ಬಾಗಿಲು ತೆರೆದಾಗ ಟವೆಲ್ಲು ಸುತ್ತಿಕೊಂಡು ಹೊರಬಂದ ಮರಿಯ ತಲೆ ತೊಳೆದಿಟ್ಟ ಬೋಗುಣಿಯ ಹಾಗಿತ್ತು. ಸೊಂಟದವರೆಗೆ ಬರುತ್ತಿದ್ದ ಜಡೆ ಇಲ್ಲ. ಹುಬ್ಬೂ ಇಲ್ಲ.

ಅಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಅಯ್ಯೋ! ಏನ್ರೀ ಮಾಡಿಟ್ರಿ ನನ್ನ ಮಗೂಗೆ?"

"ನಾನು... ನಾನು ತೋಳಕ್ಕೆ ಮಾಡಿದ್ದು!" ಅಪ್ಪ ತೊದಲಿದ.

"ತೋಳ ಯಾರು? ಪಕ್ಕದ್ಮನೆಯವ್ರಾ?" ಮರಿ ಕಿರುಚಿದಳು. "ಸ್ವಲ್ಪ ತೆಳ್ಳಗೆ ಮಾಡ್ತೀಯ ಅಂದ್ಕೊಂಡು ಸುಮ್ನೆ ಕೂತಿದ್ದೆ ನಾನು. ನಿನ್ನ ನಂಬಿ ಕಣ್ಣು ಮುಚ್ಕೊಂಡಿದ್ದೆ!"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದ ಅಜ್ಜಿ ಎಡಗೈ ಮುಂದೆ ಚಾಚಿದರು. ಹೆಬ್ಬೆರಳಿಗೆ ಉಗುರಿರಲಿಲ್ಲ.

"ಆ ಮೈಯಿಂದ ತೆಗೆದದ್ದು ಈ ಮೈಯಿಂದಲೂ ಹೋಗತ್ತೆ. ಆ ಮೈಯಲ್ಲಿದ್ದಾಗ ಒಂದ್ಸಲ ಬಾಗಿಲ ಸಂದಿಗೆ ಸಿಕ್ಕಿ ನನ್ನ ಉಗುರು ಕಿತ್ತುಬಂತು. ಮತ್ತೆ ಹುಟ್ಟಲೇ ಇಲ್ಲ. ಕೂದಲಾದ್ರೆ ಬೆಳೆಯತ್ತೆ ಬಿಡು."

"ಮೊದಲೇ ಹೇಳ್ಬಾರ್ದಿತ್ತಾ ಅಮ್ಮಾ?" ಅಪ್ಪ ಗೋಗರೆದ.

"ಯಾರು ಕೇಳಿದ್ರು ನನ್ನ? ಮೆಷಿನ್ನು ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದ್ದೀನಿ ಅಂತ ಒಂದು ಮಾತು ಹೇಳಿದ್ಯಾ? ಈ ಮನೇಲಿ ಆ ವಿಷಯ ಬಾಯಿ ಬಿಟ್ಟು ಆಡಿದವರಾದ್ರೂ ಯಾರು?"



ಅಪ್ಪ ಅಂಗಡಿಗೆ ಓಡಿಹೋಗಿ ಗಾಜಿನ ಕಪಾಟಿನಲ್ಲಿದ್ದ ಒಂದೇ ವಿಗ್ಗನ್ನು ತಂದ. ಶಾಲೆಗೆ ಒಂದು ವಾರ ರಜೆ ಹಾಕಿಸುತ್ತೇನೆಂದಳು ಅಮ್ಮ. ಮರಿ ವಿಗ್ಗನ್ನು ಪೊರಕೆಯ ಹಿಡಿಗೆ ತೊಡಿಸಿ ಮೂಲೆಯಲ್ಲಿ ನಿಲ್ಲಿಸಿದಳು. ಅಮ್ಮನ ಪೆನ್ಸಿಲು ತೆಗೆದುಕೊಂಡು ಕನ್ನಡಿಯ ಮುಂದೆ ನಿಂತು ಎರಡು ಹುಬ್ಬು ಬರೆದುಕೊಂಡಳು. ಮೂಗಿನ ಬುಡದಿಂದ ಹೊರಟು ಕಿವಿಯ ಕಡೆಗೆ ಚೂಪಾಗಿ ಏರುವ ಸಿಟ್ಟಿನ ಹುಬ್ಬು. ಹಾಗೇ ಚೀಲ ಹೆಗಲಿಗೇರಿಸಿ, ಬೋಳು ತಲೆಯಲ್ಲೇ ಮೆಟ್ಟಿಲಿಳಿದು ಹೋದಳು. ಮೆಟ್ಟಿಲು ತೊಳೆಸುತ್ತಿದ್ದ ಓನರಮ್ಮ ಬಾಯಿ ತೆರೆದವರು ಆ ಹುಬ್ಬು ನೋಡಿ ಮುಚ್ಚಿಕೊಂಡರು.

ಅಂದಿನಿಂದ ದಿನಕ್ಕೊಂದು ಹುಬ್ಬು. ಮಗಳ ಮನಸ್ಸು ಹೇಗಿದೆಯೆಂದು ಮನೆಯವರಿಗೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಗಣಿತದ ಪರೀಕ್ಷೆಯ ದಿನ ಎರಡೂ ಹಣೆಯ ನಡುವಿನವರೆಗೆ ಹೋಗಿದ್ದವು. ಅಪ್ಪನ ಎದುರು ಊಟಕ್ಕೆ ಕೂರುವಾಗ ಮಾತ್ರ ತಪ್ಪದೆ ಸಿಟ್ಟಿನವೇ. ಹೆಡ್ಮೇಡಂ ಅಮ್ಮನನ್ನು ಕರೆಸಿ, "ನಿಮ್ಮ ಮಗಳು ಮುಖದ ಮೇಲೆ ನಮ್ಮನ್ನು ಬೈದು ಬರ್ಕೊಂಡು ಬರ್ತಾಳೆ" ಎಂದು ದೂರಿದರು. ಆ ಹುಡುಗಿ ಒಂದು ಬೈಗುಳವನ್ನೂ ಬರೆದಿರಲಿಲ್ಲ, ಬರೆದದ್ದು ಹುಬ್ಬು ಮಾತ್ರ.

ಅಪ್ಪನ ಅಂಗಡಿಯ ಬೋರ್ಡಿನ ಮೇಲೆ ಮೊದಲಿನಿಂದ ಮರಿಯದೇ ಫೋಟೋ ಇತ್ತು. ಹಿಂದಿನಿಂದ ತೆಗೆದದ್ದು, ಉದ್ದನೆಯ ಜಡೆ. ಅದರ ಕೆಳಗೆ ನಿಂತು ಅವನು ದಿನಾ ಶಟರ್ ಎತ್ತಬೇಕಿತ್ತು. ಈಗೀಗ ಕತ್ತು ಬಗ್ಗಿಸಿಕೊಂಡೇ ಎತ್ತುತ್ತಿದ್ದ. ಒಂದು ಸಂಜೆ ಮರಿ ಶಾಲೆಯಿಂದ ನೇರ ಅಂಗಡಿಗೆ ಬಂದಳು. ಕುರ್ಚಿಯಲ್ಲಿದ್ದ ಗಿರಾಕಿ ಸೋಪಿನ ನೊರೆಯೊಳಗಿಂದ ಅವಳನ್ನೇ ನೋಡಿದ.

"ಆ ಫೋಟೋ ತೆಗಿ ಅಪ್ಪಾ."

"ಕೂದಲು ಬರೋವರೆಗೂ ಇರ್ಲಿ ಮರಿ. ಅದನ್ನ ನೋಡ್ಕೊಂಡಾದ್ರೂ..."

"ಜಡೆ ಇದ್ದ ತಲೆ ನಂದು ಅಂತ ಬೋರ್ಡಿಗೆ ಹಾಕಿದ್ಯಲ್ಲ. ಇದೂ ನಂದೇ. ಇದನ್ನ ಹಾಕು."

"ಜನ ನಗ್ತಾರೆ ಕಣೇ."

"ನಿಂಗೆ ನಾಚಿಕೆನಾ, ಜನಕ್ಕಾ?"

ಅವನು ರೇಜರ್ ಒರೆಸುತ್ತಾ ನಿಂತುಬಿಟ್ಟ. ಗಿರಾಕಿ, "ಅರ್ಧ ಗಡ್ಡ ಬಾಕಿ ಇದೆ ಸ್ವಾಮಿ" ಎಂದು ನೆನಪಿಸಬೇಕಾಯಿತು.

ಮಾರನೆಯ ವಾರ ಓನರಮ್ಮ ಮೆಟ್ಟಿಲಿನಲ್ಲಿ ಅಮ್ಮನನ್ನು ಅಡ್ಡಗಟ್ಟಿದರು.

"ನೋಡಮ್ಮಾ, ಮನೆ ಕೊಡುವಾಗಲೇ ಹೇಳಿದ್ದೆ, ಪ್ರಾಣಿ ಗೀಣಿ ಸಾಕ್ಬಾರ್ದು ಅಂತ. ತಿಂಗಳಿಗೊಂದ್ಸಲ ನಿಮ್ಮ ಬಚ್ಚಲಲ್ಲಿ ನಾಯಿ ಊಳಿಡತ್ತೆ. ನನಗೇನು ಕಿವಿ ಕೇಳಿಸಲ್ವಾ?"

"ನಾಯಿ ಇಲ್ಲಮ್ಮ ನಮ್ಮನೇಲಿ."

"ಮತ್ತೆ ಊಳಿಡೋದ್ಯಾರು, ನಿಮ್ಮತ್ತೆನಾ? ಇನ್ನೊಂದ್ಸಲ ಕೇಳಿಸಿದ್ರೆ ಮನೆ ಖಾಲಿ ಮಾಡಿ. ಅಷ್ಟೇ."

ಹಿಂದಿನ ಮನೆ ಬಿಟ್ಟದ್ದೂ ಇದೇ ಕಾರಣಕ್ಕೆ. ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ, ಅತ್ತೆಯನ್ನು ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿ, ಹಾಸಿಗೆಯ ಮೇಲೆ ತಾನು ಕೂತು ಬಂದದ್ದನ್ನು ಅಮ್ಮ ಮರೆತಿರಲಿಲ್ಲ. ಇಲ್ಲಿ ಅಡುಗೆಮನೆಗೆ ಬೆಳಕು ಬರುತ್ತದೆ, ಬಸ್ ಸ್ಟಾಪು ಹತ್ತಿರ. ಇನ್ನೊಮ್ಮೆ ಗಂಟುಮೂಟೆ ಕಟ್ಟಲು ಅವಳಿಗೆ ಶಕ್ತಿಯಿರಲಿಲ್ಲ, ನಿಜ ಹೇಳಬೇಕೆಂದರೆ ಇಷ್ಟವೂ ಇರಲಿಲ್ಲ. ಆ ದಿನ ಕೆಲಸದಿಂದ ಬರುವಾಗ ಬ್ಯಾಗಿನಲ್ಲಿ ಒಂದು ಕಂದು ಸೀಸೆ ತಂದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು.

ತೋಳದ ಮೂಗು ಹುಡುಗಿಯ ಮುಖದಲ್ಲೂ ಸ್ವಲ್ಪ ಉಳಿದಿರುತ್ತದೆ. ಅಂದಿನ ಊಟಕ್ಕೇ ಮರಿ ಸೀಸೆಯನ್ನು ತಂದು ಬೇಯಿಸಿದ ಆಲೂಗಡ್ಡೆಯ ಪಕ್ಕದಲ್ಲಿ ಕುಕ್ಕಿದಳು.

"ಇದೇನಮ್ಮಾ?"

ಅಮ್ಮ ಬಡಿಸುವುದನ್ನು ನಿಲ್ಲಿಸಲಿಲ್ಲ. "ನಿದ್ದೆ ಔಷಧಿ. ಚಿಕ್ಕ ಮಕ್ಕಳಿಗೂ ಕೊಡ್ತಾರೆ. ಏನೂ ಆಗಲ್ಲ."

"ಯಾರಿಗೆ?"

"ಆ ದಿನ ಮಧ್ಯಾಹ್ನ ಹಾಲಲ್ಲಿ ಸ್ವಲ್ಪ ಹಾಕಿ ಕೊಡ್ತೀನಿ. ಎಚ್ಚರ ಆಗೋಷ್ಟರಲ್ಲಿ ಬೆಳಗಾಗಿರತ್ತೆ. ಓನರಮ್ಮಂಗೂ ಗೊತ್ತಾಗಲ್ಲ, ನಿಂಗೂ ಗೊತ್ತಾಗಲ್ಲ."

"ನಂಗೇ ಗೊತ್ತಾಗ್ಬಾರ್ದಾ, ನಾನು ಏನು ಅಂತ?"

"ಮನೆ ಹೋಗತ್ತೆ ಮರಿ!" ಅಮ್ಮನ ದನಿ ಏರಿತು. "ಬೀದಿಗೆ ಬೀಳ್ತೀವಿ. ನಿಂಗೇನು, ಹುಬ್ಬು ಬರ್ಕೊಂಡು ಓಡಾಡಿದ್ರಾಯ್ತು. ಮನೆ ಹುಡುಕೋರು ನಾವು!"

"ಇದ್ಯಾವ ಸೀಮೆ ಮನೆ ಅಮ್ಮಾ? ತಿಂಗಳಿಗೊಂದಿನ ನಾನು ಬಚ್ಚಲಲ್ಲಿ. ನೀವು ಮೂರು ಜನ ಇಲ್ಲಿ ಮೂರು ತಟ್ಟೆ ಇಟ್ಕೊಂಡು ಊಟ ಮಾಡ್ತೀರಾ. ನಿಮ್ಮ ಚಮಚದ ಸದ್ದು ಕೇಳಿಸತ್ತೆ ನಂಗೆ. ಅಪ್ಪ 'ಉಪ್ಪು ಕೊಡು' ಅನ್ನೋದು ಕೇಳಿಸತ್ತೆ. ಚಂದ್ರನ್ನ ನೋಡಿ ಊಳಿಡ್ತೀನಿ ಅಂದ್ಕೊಂಡಿದ್ದೀರಾ? ಬಚ್ಚಲಿಗೆ ಕಿಟಕಿನೇ ಇಲ್ಲ! ನಿಮ್ಮನ್ನ ಕರೀತಿದ್ದೆ ನಾನು. ಒಬ್ಬರಾದ್ರೂ ಬಂದ್ರಾ? ಅಪ್ಪ ಬಂದಿದ್ದು ಒಂದ್ಸಲ, ಅದೂ ಮೆಷಿನ್ನು ಹಿಡ್ಕೊಂಡು."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಿರುಗಿ ತಟ್ಟೆಗಿಟ್ಟ.

"ಈ ಸಲ ನಾಲ್ಕು ತಟ್ಟೆ ಇಡಿ," ಮರಿ ಕಣ್ಣೊರೆಸಿಕೊಂಡಾಗ ಒಂದು ಹುಬ್ಬು ಅಳಿಸಿಹೋಯಿತು. "ನಾನು ಇಲ್ಲೇ, ನನ್ನ ಜಾಗದಲ್ಲೇ ಕೂರ್ತೀನಿ. ಚಿಲಕ ಇಲ್ಲ, ಔಷಧಿ ಇಲ್ಲ, ಮುಂದಿನ ಬಾಗಿಲೂ ಹಾಕೋ ಹಾಗಿಲ್ಲ."

"ಇಲ್ಲಾಂದ್ರೆ?" ಅಮ್ಮ ಕೇಳಿದಳು.

"ಇಲ್ಲಾಂದ್ರೆ ಬೀದಿ ಮಧ್ಯೆ ನಿಂತು ಊಳಿಡ್ತೀನಿ. ಅಡ್ರೆಸ್ಸು ಕೇಳಿದವರಿಗೆ ಈ ಮನೆ ಬಾಗಿಲಿಗೇ ಕರ್ಕೊಂಡು ಬರ್ತೀನಿ."

ಅಂದು ಯಾರಿಗೂ ಊಟ ಸೇರಲಿಲ್ಲ. ಅಜ್ಜಿ ಮಾತ್ರ ಎರಡನೇ ಸಲ ಬಡಿಸಿಕೊಂಡು ತಿಂದರು. ಅಮ್ಮ ಸೀಸೆಯನ್ನು ಎತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಎಸೆಯುತ್ತೇನೆಂದು ಹೇಳಲಿಲ್ಲ, ಇಟ್ಟುಕೊಳ್ಳುತ್ತೇನೆಂದೂ ಹೇಳಲಿಲ್ಲ.

ಅಪ್ಪ ಮೊದಲು ಸೋತ. ಮರುದಿನ ಪೇಂಟರನ್ನು ಕರೆಸಿ ಬೋರ್ಡು ಇಳಿಸಿದ. ಮರಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದ. ಈ ಸಲ ಮುಂದಿನಿಂದ, ಹುಬ್ಬು ಸಮೇತ. ಕೂದಲು ಆಗಷ್ಟೇ ಮಖಮಲ್ಲಿನಂತೆ ಮೊಳೆಯುತ್ತಿತ್ತು. ಎರಡು ದಿನ ಜನ ನಕ್ಕರು. ಮೂರನೆಯ ದಿನ ಕಾಲೇಜಿನ ಒಬ್ಬಳು ಬಂದು, "ಬೋರ್ಡಿನಲ್ಲಿರೋ ತರಾನೇ ಬೇಕು" ಎಂದು ಕುರ್ಚಿಯಲ್ಲಿ ಕೂತಳು. ಅವನು ಹುಬ್ಬು ಮಾತ್ರ ತೆಗೆಯುವುದಿಲ್ಲವೆಂದು ಕೈಮುಗಿದ. ಆ ರಾತ್ರಿ ಊಟಕ್ಕೆ ಮರಿಯ ಹುಬ್ಬುಗಳು ಸಾಧಾರಣವಾಗಿ ಬಾಗಿದ್ದವು. "ಉಪ್ಪು ಬೇಕಾ ಅಪ್ಪಾ?" ಎಂದು ಅವಳೇ ಕೇಳಿದಳು.

ಹುಣ್ಣಿಮೆಯ ದಿನ ಅಮ್ಮ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದಳು. ಒಲೆಯ ಮೇಲೆ ಹಾಲಿಟ್ಟಳು. ಲೋಟದ ಪಕ್ಕದಲ್ಲಿ ಕಂದು ಸೀಸೆ ಇತ್ತು, ಮುಚ್ಚಳ ತೆರೆದಿತ್ತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

"ನಾನಿದ್ದ ಮನೇಲಿ ಇದ್ದಿಲು ತುಂಬೋ ಕೋಣೆ ಒಂದಿತ್ತು," ಅಂದರು. "ತಲೆನೋವು ಅಂತ ಹೇಳಿ ಅಲ್ಲಿಗೆ ಹೋಗ್ತಿದ್ದೆ. ಸದ್ದು ಬರ್ಬಾರ್ದು ಅಂತ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂರ್ತಿದ್ದೆ. ವಯಸ್ಸೆಲ್ಲಾ ಹಾಗೇ ಹೋಯ್ತು. ನನ್ನ ಗಂಡ ಒಂದಿನಾನೂ ಬಾಗಿಲು ತಟ್ಟಲಿಲ್ಲ. ಒಳ್ಳೇ ಮನುಷ್ಯ ಅಂತಿದ್ರು ಎಲ್ಲರೂ. ನಾನೂ ಹಾಗೇ ಅಂತಿದ್ದೆ."

ಸೊಸೆ ಹಾಲು ನೋಡುತ್ತಲೇ ಇದ್ದಳು. "ಮದುವೆಗೆ ಮುಂಚೆ ನಂಗೊಂದು ಮಾತು ಹೇಳ್ಬೇಕಿತ್ತು ಅತ್ತೆ ನೀವು."

"ಹೇಳಿದ್ರೆ ಬರ್ತಿದ್ಯಾ?"

"ಬರ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ. ಮೋಸ ಮಾಡಿದ್ದು ನಾನು ಕಣಮ್ಮ. ಆ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋ. ಅವಳ ಹಾಲಿಗೆ ಹಾಕ್ಬೇಡ."

ಹಾಲು ಉಕ್ಕಿತು. ಅಮ್ಮ ಒಲೆ ಆರಿಸಿದಳು. ಸೀಸೆ ಎತ್ತಿ ಸಿಂಕಿಗೆ ಬಗ್ಗಿಸಿದಳು. ಗೊಳಗೊಳ ಎಂದು ಎಲ್ಲವೂ ಇಳಿದುಹೋಯಿತು.

"ಮೋರಿಗಾದ್ರೂ ನಿದ್ದೆ ಬರ್ಲಿ," ಅಂದಳು. ಅತ್ತೆ ಸೊಸೆ ಇಬ್ಬರೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ, ಇಬ್ಬರಿಗೂ ನೆನಪಿರಲಿಲ್ಲ.

ಸಂಜೆ ಅಪ್ಪ ಬೇಗ ಶಟರ್ ಎಳೆದು ಎರಡು ಕೋಳಿ ತಂದ. ಅಜ್ಜಿ ಮೇಜು ಒರೆಸಿದರು. ಅಮ್ಮ ತಟ್ಟೆ ಇಟ್ಟಳು, ನಾಲ್ಕು. ಮುಂದಿನ ಬಾಗಿಲನ್ನು ತಾನೇ ಪೂರ್ತಿ ತೆರೆದು, ಗಾಳಿಗೆ ಬಡಿಯದಂತೆ ಕಾಲೊರೆಸು ಅಡ್ಡ ಇಟ್ಟಳು. ಮರಿ ಕನ್ನಡಿಯ ಮುಂದೆ ನಿಂತು ತುಂಬ ಹೊತ್ತು ಹುಬ್ಬು ಬರೆದುಕೊಂಡಳು. ಎದುರು ಮನೆಯ ನೀರಿನ ಟ್ಯಾಂಕಿನ ಹಿಂದೆ ಚಂದ್ರ ಎದ್ದ. ಕೋಣೆಯೊಳಗಿಂದ ತೋಳ ನಡೆದು ಬಂದು ತನ್ನ ಕುರ್ಚಿಯ ಮೇಲೆ ಹತ್ತಿ ಕೂತಿತು. ಬೆನ್ನ ಮೇಲಿನ ಕೂದಲಿನ್ನೂ ಗಿಡ್ಡವಾಗಿತ್ತು. ಬೂದು ಮುಖದ ಮೇಲೆ ಕಪ್ಪು ಪೆನ್ಸಿಲಿನ ಹುಬ್ಬು ಎರಡೂ ಹಾಗೇ ಉಳಿದಿದ್ದವು.

ಅಮ್ಮ ಅದರ ತಟ್ಟೆಗೆ ದೊಡ್ಡ ತುಂಡನ್ನೇ ಹಾಕಿದಳು. "ನಿಧಾನ ತಿನ್ನು. ಮೂಳೆ ಇದೆ."

ಊಟ ನಡೆಯಿತು. ತೋಳ ಊಳಿಡಲಿಲ್ಲ. ಕರೆಯಬೇಕಾದವರೆಲ್ಲ ಎದುರಿಗೇ ಇದ್ದರು.

ಈ ನಿಶ್ಶಬ್ದವೇ ಓನರಮ್ಮನಿಗೆ ಸಹಿಸಲಾಗಲಿಲ್ಲ. ಹುಣ್ಣಿಮೆಯ ದಿನ ಕೈಗೆ ಸಿಕ್ಕಿಯೇ ಸಿಗುತ್ತಾರೆಂದು ಸಂಜೆಯಿಂದ ಕಿವಿಯಿಟ್ಟುಕೊಂಡು ಕೂತಿದ್ದವರು ಚಪ್ಪಲಿ ಬಡಿಯುತ್ತಾ ಮೇಲೆ ಹತ್ತಿ ಬಂದರು. ತೆರೆದ ಬಾಗಿಲಲ್ಲಿ ನಿಂತು ಒಳಗೆ ನೋಡಿ, ಚೌಕಟ್ಟು ಹಿಡಿದುಕೊಂಡರು.

"ನಾ... ನಾಯಿ! ಅದೂ ಕುರ್ಚಿ ಮೇಲೆ! ನಾಯಿ ಇಲ್ಲ ಅಂದ್ಯಲ್ಲಮ್ಮ!"

ಅಮ್ಮ ಎದ್ದು ನಿಂತಳು. "ಸರಿಯಾಗಿ ನೋಡಿ. ನಾಯಿನಾ ಅದು?"

ತೋಳ ತಲೆಯೆತ್ತಿ ನೋಡಿತು. ಓನರಮ್ಮ ಆ ಹುಬ್ಬುಗಳನ್ನು ಕಂಡರು. ಒಂದು ತಿಂಗಳಿನಿಂದ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕಂಡ ಅದೇ ಹುಬ್ಬು. ಮೂಗಿನ ಬುಡದಿಂದ ಹೊರಟು ಚೂಪಾಗಿ ಏರಿದ್ದು.

"ಇದು... ನಿಮ್ಮ ಮಗ..."

"ಹೌದು, ನನ್ನ ಮಗಳು. ಪ್ರಾಣಿ ಸಾಕ್ಬಾರ್ದು ಅಂದ್ರಿ, ಸಾಕಿಲ್ಲ. ಮಗಳನ್ನ ಸಾಕ್ಬಾರ್ದು ಅಂತ ಹೇಳಿರ್ಲಿಲ್ಲ ನೀವು."

"ಇದೆಲ್ಲ ನನ್ನ ಮನೇಲಿ ನಡೆಯಲ್ಲ," ಓನರಮ್ಮ ಹಿಂದಕ್ಕೆ ಹೆಜ್ಜೆಯಿಡುತ್ತಲೇ ಹೇಳಿದರು. "ಸದ್ದಿಲ್ಲ ಅಂತ ಬಿಟ್ಟಿದ್ದೀನಿ ಇವತ್ತು. ಒಂದೇ ಒಂದ್ಸಲ ಊಳಿಟ್ರೂ ನಾಳೆನೇ ಸಾಮಾನು ಬೀದಿಗೆ!"

ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು. ಮರಿ ತಟ್ಟೆಯಿಂದ ಮೂತಿ ಎತ್ತಿಕೊಂಡು ಬಾಲ ಮುದುರಿ ಕೂತಳು. ಹೆದರಿದ್ದು ತನಗಾಗಿ ಅಲ್ಲ. ಅಮ್ಮನ ಅಡುಗೆಮನೆಯ ಬೆಳಕು ಅವಳಿಗೂ ಇಷ್ಟವಾಗಿತ್ತು.

ಅಜ್ಜಿ ಚಮಚ ಕೆಳಗಿಟ್ಟರು. ಹಲ್ಲುಸೆಟ್ಟು ತೆಗೆದು ನೀರಿನ ಲೋಟಕ್ಕೆ ಹಾಕಿದರು. ಬಾಯಿ ಒರೆಸಿಕೊಂಡು, ಕುತ್ತಿಗೆಯನ್ನು ಎಷ್ಟು ಬರುತ್ತದೋ ಅಷ್ಟು ಹಿಂದಕ್ಕೆ ಬಾಗಿಸಿ, ಇದ್ದಿಲು ಕೋಣೆಯಲ್ಲಿ ಬಟ್ಟೆ ಕಚ್ಚಿ ನುಂಗಿದ್ದನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟರು. ಮುದಿ ಗಂಟಲು, ನಡುವೆ ಒಡೆಯಿತು. ಆದರೂ ಉದ್ದ ಎಳೆದರು. ಮರಿಯ ಕಿವಿಗಳು ನೆಟ್ಟಗಾದವು. ಅವಳು ಎದ್ದು ನಿಂತು, ಮುಂಗಾಲು ಮೇಜಿನ ಮೇಲೆ ಊರಿ, ಅಜ್ಜಿಯ ದನಿಗೆ ದನಿ ಸೇರಿಸಿದಳು. ಲೋಟದೊಳಗೆ ಹಲ್ಲುಸೆಟ್ಟು ಗಲಗಲ ಎಂದಿತು. ಅಪ್ಪ ಅಳುತ್ತಿದ್ದನೋ ನಗುತ್ತಿದ್ದನೋ, ಬೋಳು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಯಾರದು?" ಕೆಳಗಿನಿಂದ ಓನರಮ್ಮ ಕಿರುಚಿದರು. "ಯಾರು ಊಳಿಟ್ಟಿದ್ದು ಅಲ್ಲಿ?"

ಅಮ್ಮ ಕೈ ತೊಳೆದುಕೊಂಡು ಬಾಗಿಲಿಗೆ ಹೋದಳು. ಮೆಟ್ಟಿಲ ಕಟಕಟೆಯ ಮೇಲೆ ಬಗ್ಗಿದಳು.

"ನಾನೇ ಕಣ್ರೀ!" ಎಂದು ಕೂಗಿದಳು. ಆಮೇಲೆ ಸುಳ್ಳು ಹೇಳಿದಂತಾಗಬಾರದೆಂದು ತಲೆಯೆತ್ತಿ ತಾನೂ ಊಳಿಟ್ಟಳು. ಮೊದಲ ಸಲವಾದ್ದರಿಂದ ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಉಸಿರೆಳೆದುಕೊಂಡು ಇನ್ನೊಮ್ಮೆ ಊಳಿಟ್ಟಳು. ಎದುರು ಸಾಲಿನ ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಕೆಳಗೆ ಓನರಮ್ಮ ಬಾಗಿಲು ಹಾಕಿ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು. ಮೇಲಿನ ಮನೆಯ ಬಾಗಿಲು ಅಂದು ಬೆಳಗಾಗುವವರೆಗೂ ತೆರೆದೇ ಇತ್ತು.